ಡೈರಿಯಲ್ಲಿ ತಪ್ಪಿ ಬರೆದ ಒಂದು ವಾಯಿದೆ

2019ರ ಜುಲೈ 18, ಗುರುವಾರ. ಬೆಳಿಗ್ಗೆ ಹನ್ನೊಂದು ಗಂಟೆಗೆ ಕಕ್ಷಿದಾರರನ್ನು ಕೋರ್ಟ್ ಹಾಲಿನ ಕೊನೆಯ ಬೆಂಚಿನಲ್ಲಿ ಕೂರಿಸಿ, ಬಾಗಿಲ ಪಕ್ಕದ ಫಲಕಕ್ಕೆ ಅಂಟಿಸಿದ್ದ ಆ ದಿನದ ಪ್ರಕರಣಗಳ ಪಟ್ಟಿಯಲ್ಲಿ ಅವರ ದಾವೆಯ ಸಂಖ್ಯೆ ಹುಡುಕುತ್ತಿದ್ದೆ. ಮೇಲಿನಿಂದ ಕೆಳಕ್ಕೆ ಒಂದು ಸಲ ನೋಡಿದೆ. ಬೆರಳಿಟ್ಟುಕೊಂಡು ಇನ್ನೊಂದು ಸಲ ನೋಡಿದೆ. ಸಂಖ್ಯೆ ಇರಲಿಲ್ಲ. ಒಳಗೆ ಅವರು, ಅರವತ್ತು ದಾಟಿದ ರೈತರು, ಪಹಣಿ ಮತ್ತು ಕ್ರಯಪತ್ರಗಳನ್ನು ಸುತ್ತಿಟ್ಟ ಪ್ಲಾಸ್ಟಿಕ್ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕಾಯುತ್ತಿದ್ದರು. ಅಂದು ಅವರ ಪಾಟಿ ಸವಾಲು, ಅಂದರೆ ಎದುರು ಪಕ್ಷದ ವಕೀಲರು ಅವರನ್ನು ಪ್ರಶ್ನಿಸುವ ದಿನ. ಹಿಂದಿನ ಸಂಜೆ ಎರಡು ಗಂಟೆ ಕೂತು ದಾವೆಯ ಸಂಗತಿಗಳನ್ನೆಲ್ಲ ಅವರಿಗೆ ನಾನೇ ನೆನಪಿಸಿದ್ದೆ.

ಬೆಂಚ್ ಕ್ಲರ್ಕ್ ಹತ್ತಿರ ಹೋಗಿ ಮೆಲ್ಲಗೆ ಕೇಳಿದೆ. ಅವರು ತಲೆ ಎತ್ತದೆಯೇ ಹೇಳಿದರು: "ಅದು ನಿನ್ನೆ ಇತ್ತಲ್ಲ ಮೇಡಂ. ಗೈರುಹಾಜರಿಗೆ ವಜಾ ಆಗಿದೆ."

ಕಡತ ತೆಗೆದು ತೋರಿಸಿದರು. ಆದೇಶ ಹಾಳೆಯಲ್ಲಿ ನಾಲ್ಕೇ ಸಾಲು. ವಾದಿ ಗೈರು. ವಾದಿ ಪರ ವಕೀಲರು ಗೈರು. ಮೂರು ಬಾರಿ ಕೂಗಿಸಿದರೂ ಹಾಜರಾಗಿಲ್ಲ, ಪ್ರತಿವಾದಿ ಹಾಜರಿದ್ದಾರೆ, ದಾವೆ ವಜಾ. ಹಿಂದಿನ ದಿನ ಮಧ್ಯಾಹ್ನ ಆ ಸಾಲುಗಳಿಗೆ ಸಹಿ ಬಿದ್ದಿತ್ತು. ಅದಾಗಿ ನಾಲ್ಕು ಗಂಟೆಯ ಮೇಲೆ ನಾನು ಆ ಹಿರಿಯರನ್ನು ಎದುರಿಗೆ ಕೂರಿಸಿಕೊಂಡು, ಇನ್ನಿಲ್ಲದ ದಾವೆಗೆ ಅವರನ್ನು ಸಿದ್ಧ ಮಾಡುತ್ತಿದ್ದೆ.

ಹಿಂದಿನ ವಾಯಿದೆಯಂದು, ಅಂದರೆ ಹಿಂದಿನ ವಿಚಾರಣೆಯ ದಿನ, ಮುಂದಿನ ದಿನಾಂಕವನ್ನು ಕೋರ್ಟ್ "ಹದಿನೇಳು" ಎಂದು ಹೇಳಿತ್ತು. ನಾನು "ಹದಿನೆಂಟು" ಎಂದು ಕೇಳಿಸಿಕೊಂಡಿದ್ದೆ. ಅಂದು ಎರಡು ಕೋರ್ಟುಗಳಲ್ಲಿ ಆರು ಪ್ರಕರಣಗಳಿದ್ದವು, ಒಂದು ಹಾಲಿನಿಂದ ಇನ್ನೊಂದಕ್ಕೆ ಓಡುತ್ತಿದ್ದೆ, ಬಾಗಿಲಲ್ಲಿ ನಿಂತೇ ಡೈರಿಯಲ್ಲಿ ಬರೆದುಕೊಂಡಿದ್ದೆ. ಇವೆಲ್ಲ ನಿಜ. ಆದರೆ ಇವುಗಳಲ್ಲಿ ಒಂದೂ ಆ ಹಿರಿಯರ ಜಮೀನಿಗೆ ಸಂಬಂಧಿಸಿದ್ದಲ್ಲ.

ವಕೀಲಿ ವೃತ್ತಿಗೆ ಹೊಸದಾಗಿ ಬಂದವರು ಏನು ಕಲಿಯಬೇಕು, ಹೇಗೆ ಬೆಳೆಯಬೇಕು ಎಂದು ಈಗ ಕಿರಿಯರು ಕೇಳಿದಾಗ ನನ್ನ ಮನಸ್ಸು ನೇರ ಆ ಗುರುವಾರಕ್ಕೆ ಹೋಗುತ್ತದೆ. ಅಲ್ಲಿಂದ ಮುಂದಿನ ಏಳು ತಿಂಗಳಲ್ಲಿ ನಾನು ಕಲಿತಷ್ಟನ್ನು ಐದು ವರ್ಷದ ಕಾನೂನು ಪದವಿಯಲ್ಲಿ ಕಲಿತಿರಲಿಲ್ಲ. ಅದಕ್ಕೇ ಆ ಏಳು ತಿಂಗಳನ್ನು ಇದ್ದದ್ದು ಇದ್ದಂತೆ ಬರೆಯುತ್ತಿದ್ದೇನೆ.

ನಾನು ರಾಜ್ಯ ವಕೀಲರ ಪರಿಷತ್ತಿನಲ್ಲಿ ಹೆಸರು ನೋಂದಾಯಿಸಿದ್ದು 2017ರಲ್ಲಿ. ಅಖಿಲ ಭಾರತ ವಕೀಲರ ಪರೀಕ್ಷೆಯನ್ನೂ ಬೇಗನೆ ಮುಗಿಸಿದೆ. ತಾಲ್ಲೂಕು ನ್ಯಾಯಾಲಯವೊಂದರಲ್ಲಿ ಮೂವತ್ತೈದು ವರ್ಷದ ಅನುಭವವಿದ್ದ ಸಿವಿಲ್ ವಕೀಲರ ಕಚೇರಿ ಸೇರಿದೆ. ಮೊದಲ ದಿನ ಅವರು ನನಗೆ ಕಾನೂನಿನ ಪುಸ್ತಕ ಕೊಡಲಿಲ್ಲ, ಒಂದು ಹಳೆಯ ಕಟ್ಟು ಕೊಟ್ಟರು. ನಾವು ಕೇಸಿನ ಕಾಗದಗಳ ಕಂತೆಯನ್ನು ಕಟ್ಟು ಎಂದೇ ಕರೆಯುವುದು. "ಇದನ್ನು ಮೊದಲ ಹಾಳೆಯಿಂದ ಕೊನೆಯ ಹಾಳೆಯವರೆಗೆ ಓದು. ಓದಿ ಮುಗಿದ ಮೇಲೆ ಜಗಳ ಯಾವುದರ ಬಗ್ಗೆ ಎಂದು ಒಂದು ವಾಕ್ಯದಲ್ಲಿ ಹೇಳು" ಎಂದರು.

ಒಂದು ವಾರ ಓದಿದೆ. ಹೇಳಲಾಗಲಿಲ್ಲ. ನಾನು ಕಾನೂನು ಓದಿದ್ದು ಇಂಗ್ಲಿಷಿನಲ್ಲಿ. ಕಟ್ಟಿನೊಳಗೆ ಇದ್ದದ್ದೆಲ್ಲ ಕನ್ನಡ. ಅದೂ ನಾನು ಮನೆಯಲ್ಲಿ ಆಡುವ, ಪತ್ರಿಕೆಯಲ್ಲಿ ಓದುವ ಕನ್ನಡವಲ್ಲ. ಚೆಕ್ಕುಬಂದಿ (ಜಮೀನಿನ ನಾಲ್ಕು ದಿಕ್ಕಿನ ಎಲ್ಲೆ), ಖರಾಬು, ಪೋಡಿ, ಹದ್ದುಬಸ್ತು, ಇಸಂ, ಬಿನ್, ಕೋಂ, ಬಾಬ್ತು. 1950ರ ದಶಕದ ಕ್ರಯಪತ್ರಗಳಲ್ಲಿ ಒಂದು ಪುಟಕ್ಕೆ ಒಂದೇ ವಾಕ್ಯ, ಮಧ್ಯೆ ಎಲ್ಲೂ ಚುಕ್ಕೆ ಇಲ್ಲ. ಈ ಭಾಷೆಯನ್ನು ನನಗೆ ಕಲಿಸಿದವರು ಕಚೇರಿಯ ಗುಮಾಸ್ತರು. ಎಸ್ಸೆಸ್ಸೆಲ್ಸಿವರೆಗೆ ಓದಿದ್ದ ಅವರು ಕಡತ ಎತ್ತಿಕೊಂಡರೆ ಹತ್ತು ನಿಮಿಷದಲ್ಲಿ ಅದರ ಗಂಟು ಎಲ್ಲಿದೆ ಎಂದು ತೋರಿಸುತ್ತಿದ್ದರು.

ಒಂದು ದಿನ ಕ್ರಯಪತ್ರದ ಮೇಲೆ ಬೆರಳಿಟ್ಟು ಕೇಳಿದರು: "ಮೇಡಂ, ಇಲ್ಲಿ ಎರಡು ಎಕರೆ ಹತ್ತು ಗುಂಟೆ ಎಂದಿದೆ. ಚೆಕ್ಕುಬಂದಿ ನೋಡಿ. ಉತ್ತರಕ್ಕೆ ಹಳ್ಳ, ಪೂರ್ವಕ್ಕೆ ಬಂಡಿದಾರಿ. ಹಳ್ಳದವರೆಗೆ ಅಳೆದರೆ ಎರಡೂಮುಕ್ಕಾಲು ಎಕರೆ ಬರುತ್ತದೆ. ಯಾವುದು ನಿಲ್ಲುತ್ತದೆ?" ನಾನು ವಿಸ್ತೀರ್ಣ ಎಂದೆ. ಅಂಕಿ ಖಚಿತ ಎಂದು ನನ್ನ ನಂಬಿಕೆ. ಅವರು ತಲೆ ಅಲ್ಲಾಡಿಸಿದರು. ವಿಸ್ತೀರ್ಣಕ್ಕೂ ಚೆಕ್ಕುಬಂದಿಗೂ ತಾಳೆಯಾಗದಿದ್ದರೆ ಸಾಮಾನ್ಯವಾಗಿ ಗೆಲ್ಲುವುದು ಚೆಕ್ಕುಬಂದಿಯೇ ಎಂದರು. ಸಂಜೆ ಪುಸ್ತಕ ತೆಗೆದು ನೋಡಿದೆ. ನ್ಯಾಯಾಲಯಗಳು ಹೇಳಿದ್ದೂ ಅದನ್ನೇ. ಅಂದಿನಿಂದ ಅವರನ್ನು ಅಣ್ಣ ಎಂದು ಕರೆಯತೊಡಗಿದೆ. ಕಿರಿಯ ವಕೀಲರು ಗುಮಾಸ್ತರಿಗೆ ಬರೀ ಕಾಗದ ಜೆರಾಕ್ಸ್ ಮಾಡಿಸಲು ಹೇಳುವುದನ್ನು ನೋಡಿದಾಗ ನನಗೆ ಸಂಕಟವಾಗುತ್ತದೆ. ಆದೇಶದ ಪ್ರತಿ ಕೇಳುವ ನಕಲು ಅರ್ಜಿ ಎಲ್ಲಿ ಹಾಕಬೇಕು, ಪ್ರೊಸೆಸ್ ಫೀ ಕಟ್ಟದಿದ್ದರೆ ಸಮನ್ಸ್ ಹೇಗೆ ನಿಂತುಹೋಗುತ್ತದೆ, ಕೋರ್ಟ್ ಕಚೇರಿಯಿಂದ ಆಕ್ಷೇಪಣೆ ಬಂದರೆ ಅದೇ ದಿನ ಹೇಗೆ ಸರಿಪಡಿಸಬೇಕು, ಇವೆಲ್ಲ ಅವರ ಬಳಿ ಇರುವ ವಿದ್ಯೆ.

ಹೀಗೆ ಎರಡು ವರ್ಷ ಕಳೆದಿತ್ತು. ಮೆಮೊ ಕೊಡುವುದು, ಸಮಯ ಕೇಳುವುದು, ಮಧ್ಯಂತರ ಅರ್ಜಿಗಳಿಗೆ ವಾದ ಮಾಡುವುದು ನನ್ನ ಪಾಲಿಗೆ ಬಂದಿತ್ತು. ಕಚೇರಿಯ ಡೈರಿಯೂ ನನ್ನ ಕೈಯಲ್ಲೇ ಇತ್ತು.

ಆ ಗುರುವಾರಕ್ಕೆ ಬರುತ್ತೇನೆ. ಆದೇಶ ಹಾಳೆ ಓದಿ ಹೊರಗೆ ಬಂದು ಮೆಟ್ಟಿಲ ಬಳಿ ನಿಂತೆ. ನನ್ನ ಮುಖ ನೋಡಿದ ಹಿರಿಯ ವಕೀಲರೊಬ್ಬರು, ಬೇರೆ ಕಚೇರಿಯವರು, ಏನಾಯಿತು ಎಂದು ಕೇಳಿದರು. ಹೇಳಿದೆ. ಅವರು ಕರುಣೆಯಿಂದಲೇ ಒಂದು ದಾರಿ ತೋರಿಸಿದರು: "ಇಷ್ಟಕ್ಕೆ ಹೆದರುತ್ತಾರೆಯೇ? ವಾದಿಗೆ ಜ್ವರ ಬಂದಿತ್ತು ಎಂದು ವೈದ್ಯರ ಪ್ರಮಾಣಪತ್ರ ಹಾಕಿ ಅರ್ಜಿ ಕೊಡಿ. ನಿಮ್ಮ ಸೀನಿಯರ್‌ಗೆ ಗೊತ್ತಾಗುವುದೂ ಬೇಡ."

ಆ ಮಾತು ನನಗೆ ಹಿತವಾಗಿ ಕೇಳಿಸಿತು. ಎರಡು ನಿಮಿಷವಾದರೂ ಅದರ ಬಗ್ಗೆ ಯೋಚಿಸಿದೆ. ಇದನ್ನು ಮುಚ್ಚಿಡುವುದಿಲ್ಲ, ಏಕೆಂದರೆ ಹೊಸ ವಕೀಲರ ಪಾಲಿಗೆ ನಿಜವಾದ ಅಪಾಯ ಇರುವುದು ಆ ಎರಡು ನಿಮಿಷದಲ್ಲೇ. ದಿನಾಂಕ ತಪ್ಪುವುದು ಯಾರಿಗಾದರೂ ಆಗುತ್ತದೆ. ಅದರ ಬೆನ್ನಿಗೆ ಬರುವ ಸುಳ್ಳಿಗೆ ಕಕ್ಷಿದಾರರು ಪ್ರಮಾಣ ಮಾಡಿ ಸಹಿ ಹಾಕಬೇಕಾಗುತ್ತದೆ. ಒಳಗೆ ಕೂತಿದ್ದ ಆ ಹಿರಿಯರು ನನ್ನ ತಪ್ಪಿಗಾಗಿ ಸುಳ್ಳು ಪ್ರಮಾಣ ಮಾಡಬೇಕಿತ್ತು. ಎದುರು ಪಕ್ಷದವರು ಒಂದೇ ಊರಿನವರು. ಜ್ವರ ಬಂದವರು ಆ ದಿನ ಹೊಲದಲ್ಲಿದ್ದರು ಎಂದು ಹೇಳಲು ಅವರಿಗೆ ಸಾಕ್ಷಿಗಳು ಬೇಕಾದಷ್ಟು.

ಮೇಲಿನ ಮಹಡಿಯ ಕೋರ್ಟಿನಲ್ಲಿ ಸೀನಿಯರ್ ವಾದ ಮುಗಿಸುವವರೆಗೆ ಬಾಗಿಲಲ್ಲಿ ಕಾದೆ. ಹೊರಗೆ ಬಂದ ಕೂಡಲೇ, "ಸರ್, ಡೈರಿಯಲ್ಲಿ ನಾನು ದಿನಾಂಕ ತಪ್ಪಿ ಬರೆದೆ. ದಾವೆ ನಿನ್ನೆ ವಜಾ ಆಗಿದೆ" ಎಂದೆ. ಅವರು ಬೈಯಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. ಮೂರು ಪ್ರಶ್ನೆ ಕೇಳಿದರು.

"ಆ ದಾವೆಯಲ್ಲಿ ತಡೆಯಾಜ್ಞೆ ಇತ್ತಲ್ಲವೇ?"

ಇತ್ತು. ದಾವೆ ವಜಾ ಆದ ಗಳಿಗೆಯಲ್ಲೇ ಅದೂ ಹೋಗಿತ್ತು. ಅಲ್ಲಿಯವರೆಗೆ ನನಗೆ ಇದು ಹೊಳೆದೇ ಇರಲಿಲ್ಲ.

"ನಕಲು ಅರ್ಜಿ ಹಾಕಿದೆಯಾ?"

ಇಲ್ಲ.

"ಕಕ್ಷಿದಾರರಿಗೆ ಹೇಳಿದೆಯಾ?"

ಇಲ್ಲ.

"ಮೊದಲು ಅವರಿಗೆ ಹೇಳು. ನೀನೇ ಹೇಳಬೇಕು. ಆಮೇಲೆ ನಕಲು ಅರ್ಜಿ. ಸಂಜೆ ಆರಕ್ಕೆ ಕಚೇರಿಯಲ್ಲಿ ಕೂರೋಣ."

ಕೊನೆಯ ಬೆಂಚಿನ ಬಳಿ ಹೋಗಿ ಅವರ ಪಕ್ಕ ಕೂತೆ. ಕಾನೂನಿನ ಮಾತು ಬಳಸದೆ ಹೇಳಬೇಕು ಎಂದುಕೊಂಡೆ. "ಅಪ್ಪಾಜಿ, ನಿಮ್ಮ ಕೇಸು ನಿನ್ನೆ ಇತ್ತು. ನಾನು ಇವತ್ತು ಎಂದು ತಪ್ಪಿ ತಿಳಿದುಕೊಂಡೆ. ನಾವು ಯಾರೂ ಇರಲಿಲ್ಲವಾದ್ದರಿಂದ ಕೋರ್ಟು ಕೇಸನ್ನು ತೆಗೆದುಹಾಕಿದೆ. ತಪ್ಪು ನನ್ನದು, ನಿಮ್ಮದಲ್ಲ. ಮತ್ತೆ ತೆಗೆದುಕೊಳ್ಳಿ ಎಂದು ಕೇಳಲು ಕಾನೂನಿನಲ್ಲಿ ದಾರಿ ಇದೆ."

ಅವರು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಕೇಳಿದರು: "ಹಾಗಾದರೆ ಜಮೀನು ಹೋಯಿತೇ ತಾಯಿ?"

ಇಲ್ಲ ಎಂದು ಹೇಳುವ ಆಸೆ ನಾಲಿಗೆಯ ತುದಿಯಲ್ಲಿತ್ತು. ಆದರೆ ನನಗೆ ಅದು ಗೊತ್ತಿರಲಿಲ್ಲ. "ಹೋಗಿಲ್ಲ. ಆದರೆ ಈ ನಾಲ್ಕೈದು ದಿನ ನಮ್ಮ ಕೈಯಲ್ಲಿ ಕೋರ್ಟಿನ ಆದೇಶ ಇಲ್ಲ. ಬೇಲಿಯ ಕಡೆ ಕಣ್ಣಿಟ್ಟಿರಿ. ಏನಾದರೂ ಆದರೆ ಜಗಳಕ್ಕೆ ಹೋಗಬೇಡಿ, ಫೋಟೊ ತೆಗೆದು ನನಗೆ ಫೋನ್ ಮಾಡಿ" ಎಂದೆ. ಆ ರಾತ್ರಿಯಿಂದ ಅವರ ಮಗ ಹೊಲದ ಅಂಚಿನಲ್ಲೇ ಮಲಗತೊಡಗಿದ ಎಂದು ಆಮೇಲೆ ತಿಳಿಯಿತು.

ಸಂಜೆ ಆರಕ್ಕೆ ಕೂತೆವು. ಸಿವಿಲ್ ಪ್ರಕ್ರಿಯಾ ಸಂಹಿತೆಯ ಆದೇಶ 9, ನಿಯಮ 9ರ ಅರ್ಜಿ. ವಜಾ ಆದ ದಾವೆಯನ್ನು ಪುನಃ ಕಡತಕ್ಕೆ ತೆಗೆದುಕೊಳ್ಳಲು ಕೇಳುವ ಈ ಅರ್ಜಿಯನ್ನು ವಜಾ ಆದ 30 ದಿನದೊಳಗೆ ಹಾಕಬೇಕು, ಗೈರಾಗಲು ಸಾಕಷ್ಟು ಕಾರಣವಿತ್ತು ಎಂದು ತೋರಿಸಬೇಕು. ಅದೇ ನಿಯಮದ ಪ್ರಕಾರ ಅದೇ ವ್ಯಾಜ್ಯಕಾರಣದ ಮೇಲೆ ಹೊಸ ದಾವೆ ಹಾಕುವಂತಿಲ್ಲ. ಅಂದರೆ ಈ ಬಾಗಿಲು ಮುಚ್ಚಿದರೆ ಉಳಿಯುವುದು ಮೇಲ್ಮನವಿಯ ಕಿಂಡಿ ಮಾತ್ರ.

ಅರ್ಜಿಯ ಜೊತೆಗಿನ ಪ್ರಮಾಣಪತ್ರದ (ಅಫಿಡವಿಟ್) ಕರಡು ನಾನು ಬರೆದೆ. ಹಳೆಯ ಅರ್ಜಿಗಳಲ್ಲಿ ನೋಡಿದ್ದ ವಾಕ್ಯವೇ ಬಂತು: "ಅನಿವಾರ್ಯ ಕಾರಣಗಳಿಂದ ಸದರಿ ದಿನ ಹಾಜರಾಗಲು ಸಾಧ್ಯವಾಗಿರುವುದಿಲ್ಲ." ಸೀನಿಯರ್ ಅದರ ಮೇಲೆ ಗೆರೆ ಎಳೆದರು. "ಯಾವುದು ಅನಿವಾರ್ಯ? ಏನಾಯಿತೋ ಅದನ್ನು ಬರೆ." ಎರಡನೆಯ ಕರಡಿನಲ್ಲಿ "ಕಣ್ತಪ್ಪಿನಿಂದ" ಎಂದು ಬರೆದೆ. "ಯಾರ ಕಣ್ಣು?" ಎಂದರು. ಆರನೆಯ ಸಲ ಬರೆದದ್ದು ಉಳಿಯಿತು: ವಾದಿಯ ಪರ ಕಿರಿಯ ವಕೀಲೆಯಾದ ನಾನು 17 ಎಂಬುದನ್ನು 18 ಎಂದು ಕೇಳಿಸಿಕೊಂಡು ಡೈರಿಯಲ್ಲಿ ಹಾಗೆಯೇ ಬರೆದೆ, ಆ ದಿನಾಂಕವನ್ನೇ ವಾದಿಗೆ ತಿಳಿಸಿದೆ, ನನ್ನ ಮಾತು ನಂಬಿ ವಾದಿ 18ರಂದು ಸಾಕ್ಷಿ ಹೇಳಲು ಹಾಜರಾಗಿದ್ದರು. ಇಷ್ಟೇ. ಆ ಪ್ರಮಾಣಪತ್ರಕ್ಕೆ ಸಹಿ ಹಾಕಿದವಳು ನಾನು. ಬರವಣಿಗೆಯ ಬಗ್ಗೆ ನನಗೆ ಯಾರೂ ಅದಕ್ಕಿಂತ ಒಳ್ಳೆಯ ಪಾಠ ಹೇಳಿಲ್ಲ. ಕರ್ತೃವಿಲ್ಲದ ವಾಕ್ಯ ಕೋರ್ಟಿನಲ್ಲಿ ನಿಲ್ಲುವುದಿಲ್ಲ. "ಆಗಿರುತ್ತದೆ", "ಕಂಡುಬಂದಿರುತ್ತದೆ" ಎಂಬ ಮಾತುಗಳ ಹಿಂದೆ ಯಾರೋ ಅಡಗಿಕೊಂಡಿರುತ್ತಾರೆ, ಪಾಟಿ ಸವಾಲು ಮಾಡುವವರು ಅವರನ್ನೇ ಹುಡುಕಿ ಹೊರಗೆಳೆಯುತ್ತಾರೆ.

ವಕೀಲರ ತಪ್ಪಿಗೆ ಕಕ್ಷಿದಾರರನ್ನು ಶಿಕ್ಷಿಸಬಾರದು ಎಂದು ರಫೀಕ್ ವಿರುದ್ಧ ಮುನ್ಷಿಲಾಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1981ರಲ್ಲೇ ಹೇಳಿದೆ. ಆ ತೀರ್ಪು ಹುಡುಕಿಕೊಟ್ಟೆ. ಓದುತ್ತಾ ಓದುತ್ತಾ ಗಂಟಲು ಕಟ್ಟಿತು. ವಕೀಲರನ್ನು ನೇಮಿಸಿ, ಹಣ ಕೊಟ್ಟು, ಅವರ ಮೇಲೆ ಭಾರ ಹಾಕಿ ಹಳ್ಳಿಗೆ ಹಿಂದಿರುಗಿದ ಕಕ್ಷಿದಾರ ಇನ್ನೇನು ಮಾಡಬೇಕಿತ್ತು ಎಂಬ ಅರ್ಥದ ಮಾತು ಅಲ್ಲಿದೆ. ಕಾಲೇಜಿನಲ್ಲಿ ತೀರ್ಪುಗಳನ್ನು ಪರೀಕ್ಷೆಗಾಗಿ ಓದಿದ್ದೆ. ಒಂದು ತೀರ್ಪಿನಲ್ಲಿ ನನ್ನನ್ನೇ ಕಂಡದ್ದು ಅದೇ ಮೊದಲು.

ಶನಿವಾರ ಅರ್ಜಿ ದಾಖಲಾಯಿತು, ಯಥಾಸ್ಥಿತಿ ಕಾಪಾಡಬೇಕೆಂಬ ಮಧ್ಯಂತರ ಅರ್ಜಿಯ ಜೊತೆಗೆ. ಸೋಮವಾರ ಯಥಾಸ್ಥಿತಿ ಆದೇಶ ಸಿಕ್ಕಿತು. ಆದರೆ ಶುಕ್ರವಾರವೇ ಹಾನಿ ಆಗಿಹೋಗಿತ್ತು. ಹಗಲು ಹೊತ್ತಿನಲ್ಲಿ, ಮಗ ಮನೆಗೆ ಹೋಗಿದ್ದ ಒಂದು ಗಂಟೆಯೊಳಗೆ, ಉತ್ತರದ ಬದುವಿನ ಎರಡು ಬಾಂದು ಕಲ್ಲುಗಳನ್ನು ಕಿತ್ತು ಹಾಕಿದ್ದರು. ಫೋಟೊ ಬಂತು. ಕಲ್ಲಿದ್ದ ಜಾಗದಲ್ಲಿ ಹಸಿ ಮಣ್ಣಿನ ಗುಂಡಿ, ಪಕ್ಕದಲ್ಲಿ ಅಡ್ಡ ಬಿದ್ದ ಕಲ್ಲು. ಆ ಫೋಟೊ ಇಂದಿಗೂ ನನ್ನ ಮೊಬೈಲಿನಲ್ಲಿದೆ. ನಾನು ಬರೆದ ಒಂದು ಅಂಕಿಗೆ ಆ ಗುಂಡಿಯಷ್ಟು ಆಳವಿತ್ತು.

ಅರ್ಜಿಯ ವಿಚಾರಣೆ ನವೆಂಬರಿನಲ್ಲಿ ಬಂತು. ಎದುರು ಪಕ್ಷದವರು ಆಕ್ಷೇಪಣೆ ಸಲ್ಲಿಸಿದ್ದರಿಂದ ಸಾಕ್ಷ್ಯ ನುಡಿಸಬೇಕಾಯಿತು. ಮೊದಲ ಸಾಕ್ಷಿ ಕಕ್ಷಿದಾರರು. ಎರಡನೆಯ ಸಾಕ್ಷಿ ನಾನು. ತಾನೇ ಸಾಕ್ಷಿಯಾಗುವ ಪ್ರಕರಣದಲ್ಲಿ ವಕೀಲರು ಹಾಜರಾಗಬಾರದು ಎಂಬುದು ಭಾರತೀಯ ವಕೀಲರ ಪರಿಷತ್ತಿನ ನಿಯಮ. ಹಾಗಾಗಿ ಆ ಅರ್ಜಿಯನ್ನು ಸೀನಿಯರ್ ಒಬ್ಬರೇ ನಡೆಸಿದರು.

ಕಟಕಟೆ ನಾನು ದಿನವೂ ನೋಡುವ ಜಾಗ. ವಕೀಲರ ಮೇಜಿನಿಂದ ಏಳೆಂಟು ಹೆಜ್ಜೆ. ಆದರೆ ಅದರೊಳಗೆ ನಿಂತರೆ ಕೋರ್ಟ್ ಹಾಲೇ ಬೇರೆ. ನ್ಯಾಯಾಧೀಶರು ಪಕ್ಕದಲ್ಲಿ, ತುಸು ಮೇಲೆ. ಎದುರಿಗೆ ದಿನಾ ನಮಸ್ಕಾರ ಹೇಳುವ ವಕೀಲರೇ ಇದ್ದರೂ ಅವರ ಮುಖದಲ್ಲಿ ಪರಿಚಯದ ಗುರುತಿಲ್ಲ. ಕೈ ಎಲ್ಲಿಡಬೇಕು ಎಂದು ತಿಳಿಯಲಿಲ್ಲ, ಕಟಕಟೆಯ ಮರದ ಅಂಚು ಹಿಡಿದೆ. ನನಗಿಂತ ಮೊದಲು ಹಿಡಿದವರ ಕೈ ತಾಗಿ ತಾಗಿ ಆ ಅಂಚು ನುಣುಪಾಗಿತ್ತು.

ಡೈರಿಯ ಆ ಪುಟ ಸಾಕ್ಷ್ಯದ ದಾಖಲೆಯಾಗಿ ನಿಶಾನೆ ಪಿ-2 ಆಯಿತು. ಪಾಟಿ ಸವಾಲು ಶುರುವಾಯಿತು.

"ಮುಂದಿನ ದಿನಾಂಕ ಇ-ಕೋರ್ಟ್ಸ್ ಜಾಲತಾಣದಲ್ಲಿ ಸಿಗುತ್ತದೆ ಎಂದು ನಿಮಗೆ ಗೊತ್ತಿತ್ತೇ?"

"ಗೊತ್ತಿತ್ತು."

"ನೋಡಿದಿರಾ?"

ಅಂದು ವಿದ್ಯುತ್ ಇರಲಿಲ್ಲ, ಕೆಲಸದ ಒತ್ತಡ ಇತ್ತು, ಎಂದೇನೇನೋ ಹೇಳಲು ಮನಸ್ಸು ತುಡಿಯಿತು. "ನೋಡಲಿಲ್ಲ" ಎಂದೆ.

"ಡೈರಿಯ ಉಳಿದ ಪುಟಗಳನ್ನೂ ತೋರಿಸಿ" ಎಂದರು. ಬೇರೆ ಕಕ್ಷಿದಾರರ ವಿವರಗಳು ಅದರಲ್ಲಿವೆ, ತೋರಿಸಲು ನನಗೆ ಅಧಿಕಾರವಿಲ್ಲ ಎಂದೆ. ಸೀನಿಯರ್ ಎದ್ದು ಆಕ್ಷೇಪಿಸಿದರು. ಆ ಪುಟ ಮಾತ್ರ ಸಾಕು ಎಂದು ನ್ಯಾಯಾಲಯ ಹೇಳಿತು. ಕೊನೆಗೆ ಬಂದದ್ದು ನಾನೇ ಎಷ್ಟೋ ಸಾಕ್ಷಿಗಳ ಹೇಳಿಕೆಯಲ್ಲಿ ಓದಿದ್ದ ಮಾತು, ಎದುರು ವಕೀಲರ ಆರೋಪವನ್ನು ನಾನು ಅಲ್ಲಗಳೆದದ್ದನ್ನು ದಾಖಲಿಸುವ ಸಾಲು. ವಾದಿಗೆ ಸಾಕ್ಷಿ ನುಡಿಯಲು ಇಷ್ಟವಿಲ್ಲದ ಕಾರಣ ಬೇಕೆಂದೇ ಗೈರಾಗಿ, ಈಗ ಅವರನ್ನು ಉಳಿಸಲು ಸುಳ್ಳು ಹೇಳುತ್ತಿದ್ದೇನೆ ಎಂದರೆ ಸರಿಯಲ್ಲ. ಬೆರಳಚ್ಚುಗಾರರು ಆ ವಾಕ್ಯವನ್ನು ಟೈಪ್ ಮಾಡುವ ಸದ್ದು ಕೇಳಿಸುತ್ತಿತ್ತು. "ಎಂದರೆ ಸರಿಯಲ್ಲ" ಎಂಬ ಆ ಎರಡು ಪದಗಳೊಳಗೆ ಒಬ್ಬ ಮನುಷ್ಯನ ಮಾನ ಎಷ್ಟು ಬಿಗಿಯಾಗಿ ಕಟ್ಟಿಕೊಂಡಿರುತ್ತದೆ ಎಂದು ಕಟಕಟೆಯೊಳಗಿನಿಂದ ತಿಳಿಯಿತು.

ಇಪ್ಪತ್ತೈದು ನಿಮಿಷ ಅಲ್ಲಿದ್ದೆ. ಅಂದಿನಿಂದ ಸಾಕ್ಷಿಗಳನ್ನು ಸಿದ್ಧಗೊಳಿಸುವ ನನ್ನ ರೀತಿಯೇ ಬದಲಾಯಿತು. ಮೊದಲೆಲ್ಲ ಸಂಗತಿಗಳನ್ನು ಬಾಯಿಪಾಠ ಮಾಡಿಸುತ್ತಿದ್ದೆ. ಈಗ ಸಾಧ್ಯವಾದರೆ ಖಾಲಿ ಕೋರ್ಟ್ ಹಾಲಿಗೆ ಕರೆದುಕೊಂಡು ಹೋಗಿ ಕಟಕಟೆ ತೋರಿಸುತ್ತೇನೆ, ಯಾರು ಎಲ್ಲಿ ಕೂರುತ್ತಾರೆ ಎಂದು ಹೇಳುತ್ತೇನೆ. ಗೊತ್ತಿಲ್ಲದ್ದಕ್ಕೆ ಗೊತ್ತಿಲ್ಲ ಎನ್ನಿ, ನೆನಪಿಲ್ಲದ್ದಕ್ಕೆ ನೆನಪಿಲ್ಲ ಎನ್ನಿ, ನಿಮ್ಮ ವಿರುದ್ಧ ಇರುವ ನಿಜವನ್ನು ಒಪ್ಪಿಕೊಳ್ಳಲು ಹಿಂಜರಿಯಬೇಡಿ ಎನ್ನುತ್ತೇನೆ. ನನ್ನ "ನೋಡಲಿಲ್ಲ" ಎಂಬ ಒಂದು ಮಾತು ನಮ್ಮ ಅರ್ಜಿಗೆ ತೊಂದರೆ ಮಾಡಲಿಲ್ಲ. ಆದೇಶದಲ್ಲಿ ನ್ಯಾಯಾಧೀಶರು ಅದನ್ನೇ ಉಲ್ಲೇಖಿಸಿ, ಸಾಕ್ಷಿ ತನಗೆ ಪ್ರತಿಕೂಲವಾದ ಸಂಗತಿಯನ್ನೂ ಮರೆಮಾಚಿಲ್ಲವಾದ್ದರಿಂದ ನಂಬಬಹುದು ಎಂದು ಬರೆದರು.

ಆದೇಶ ಬಂದದ್ದು 2020ರ ಫೆಬ್ರುವರಿಯಲ್ಲಿ. ಎದುರು ಪಕ್ಷಕ್ಕೆ ಖರ್ಚು ಕೊಡಬೇಕೆಂಬ ಷರತ್ತಿನ ಮೇಲೆ ದಾವೆ ಮತ್ತೆ ಕಡತಕ್ಕೆ ಬಂತು. ಅದರ ಜೊತೆ ತಡೆಯಾಜ್ಞೆಯೂ ಜೀವ ಪಡೆಯಿತು. ದಾವೆ ಪುನಃ ಸ್ಥಾಪನೆಯಾದರೆ, ನ್ಯಾಯಾಲಯ ಬೇರೆ ಹೇಳದ ಹೊರತು, ಅದರ ಮಧ್ಯಂತರ ಆದೇಶಗಳೂ ಮರಳುತ್ತವೆ ಎಂದು ಸುಪ್ರೀಂ ಕೋರ್ಟ್ 2004ರಲ್ಲಿ ಹೇಳಿದೆ. ಆದರೂ ಸೀನಿಯರ್ ಅದನ್ನು ಆದೇಶದಲ್ಲೇ ಬರೆಸಿಕೊಂಡರು. ಪೊಲೀಸ್ ಠಾಣೆಯಲ್ಲಿ ತೀರ್ಪಿನ ಹೆಸರು ಹೇಳುವುದಕ್ಕಿಂತ ಆದೇಶದ ಸಾಲು ತೋರಿಸುವುದು ಸುಲಭ ಎಂದರು.

ಖರ್ಚಿನ ಹಣ ಕಕ್ಷಿದಾರರಿಂದ ಪಡೆಯುವ ಮಾತೇ ಇರಲಿಲ್ಲ. ನಾನು ಕೊಡುತ್ತೇನೆ ಎಂದೆ. ಬೇಡ ಎನ್ನುತ್ತಾರೆ ಎಂದುಕೊಂಡಿದ್ದೆ. ಸೀನಿಯರ್ "ಸರಿ" ಎಂದರು. ಆಗ ಒಂದು ಕ್ಷಣ ನೋವಾಯಿತು. ಈಗ ಅವರು ಒಪ್ಪಿಕೊಂಡದ್ದಕ್ಕೆ ಕೃತಜ್ಞಳಾಗಿದ್ದೇನೆ. ತಪ್ಪನ್ನು ಪೂರ್ತಿ ನನ್ನ ಕೈಯಿಂದಲೇ ತೀರಿಸಲು ಬಿಟ್ಟರು, ಆಮೇಲೆ ಅದರ ಮಾತನ್ನು ಎಂದೂ ಎತ್ತಲಿಲ್ಲ. ಡೈರಿಯನ್ನೂ ನನ್ನ ಕೈಯಿಂದ ತೆಗೆದುಕೊಳ್ಳಲಿಲ್ಲ.

ಹಣದ ವಿಷಯ ಬಂದದ್ದರಿಂದ ಹೇಳಿಬಿಡುತ್ತೇನೆ. ಆ ಖರ್ಚು ತೀರಿಸಲು ನನಗೆ ಮೂರು ತಿಂಗಳು ಬೇಕಾಯಿತು. ಕಿರಿಯ ವಕೀಲರಿಗೆ ಸಿಗುವ ಹಣ ಅಷ್ಟು ಕಡಿಮೆ. ಎಷ್ಟೋ ಕಚೇರಿಗಳಲ್ಲಿ ಅದೂ ಇಲ್ಲ, ಕೆಲಸ ಕಲಿಸುತ್ತಿದ್ದೇವಲ್ಲ ಎಂಬ ಮಾತು ಮಾತ್ರ. ನನ್ನ ಜೊತೆ ಪ್ರಮಾಣವಚನ ತೆಗೆದುಕೊಂಡವರಲ್ಲಿ ಹಲವರು ಎರಡನೆಯ ವರ್ಷಕ್ಕೇ ಕಪ್ಪು ಕೋಟು ಬಿಚ್ಚಿಟ್ಟರು. ಅವರಲ್ಲಿ ನನಗಿಂತ ಜಾಣರಿದ್ದರು, ಕಾಯಲು ಮನೆಯಲ್ಲಿ ಅನುಕೂಲವಿರಲಿಲ್ಲ ಅಷ್ಟೇ. ಕಿರಿಯರಿಗೆ ತಿಂಗಳಿಗೆ ನಗರಗಳಲ್ಲಿ ಕನಿಷ್ಠ 20,000, ಗ್ರಾಮೀಣ ಭಾಗದಲ್ಲಿ 15,000 ರೂಪಾಯಿ ಕೊಡಬೇಕೆಂದು ಭಾರತೀಯ ವಕೀಲರ ಪರಿಷತ್ತು 2024ರ ಅಕ್ಟೋಬರಿನಲ್ಲಿ ಸುತ್ತೋಲೆ ಹೊರಡಿಸಿದೆ. ಅದು ಶಿಫಾರಸು, ಕಡ್ಡಾಯವಲ್ಲ. ಅದೇ ವರ್ಷದ ಜುಲೈ 30ರಂದು ಸುಪ್ರೀಂ ಕೋರ್ಟ್, ವಕೀಲರ ಕಾಯ್ದೆಯಲ್ಲಿ ಹೇಳಿದ್ದಕ್ಕಿಂತ ಹೆಚ್ಚು ನೋಂದಣಿ ಶುಲ್ಕವನ್ನು ರಾಜ್ಯ ಪರಿಷತ್ತುಗಳು ವಸೂಲಿ ಮಾಡುವಂತಿಲ್ಲ ಎಂದಿತು. ಸಾಮಾನ್ಯ ವರ್ಗಕ್ಕೆ 750, ಪರಿಶಿಷ್ಟರಿಗೆ 125 ರೂಪಾಯಿ. ಒಳಗೆ ಬರುವ ಬಾಗಿಲು ಹೀಗೆ ಅಗಲವಾಗಿದೆ. ಒಳಗೆ ಬಂದವರು ಮೊದಲ ಮೂರು ವರ್ಷ ಬದುಕುವುದು ಹೇಗೆ ಎಂಬುದಕ್ಕೆ ಹಿರಿಯರಾದ ನಾವೇ ಉತ್ತರ ಕೊಡಬೇಕು. ಕಚೇರಿ ಸೇರುವ ಮುನ್ನ ಹಣದ ಬಗ್ಗೆ ನೇರವಾಗಿ ಕೇಳಿ ಎಂದು ನಾನು ಕಿರಿಯರಿಗೆ ಹೇಳುತ್ತೇನೆ. ಕೇಳಿದ್ದಕ್ಕೆ ಮುನಿಸಿಕೊಳ್ಳುವ ಕಚೇರಿಯಲ್ಲಿ ಕಲಿಯಲು ಸಿಗುವುದೂ ಕಡಿಮೆ.

ದಾವೆ ಮರಳಿ ಬಂದ ಮರುತಿಂಗಳೇ ಕೋವಿಡ್ ಬಂತು, ಕೋರ್ಟುಗಳು ಮುಚ್ಚಿದವು. 2020ರ ಮಾರ್ಚ್ 15ರಿಂದ ದಾವೆ, ಅರ್ಜಿ ಹಾಕಲು ಇರುವ ಕಾಲಪರಿಮಿತಿಯನ್ನೇ ಸುಪ್ರೀಂ ಕೋರ್ಟ್ ತಡೆಹಿಡಿಯಿತು. ನಮ್ಮಂಥವರ ಕೈಗೆ ತಿಂಗಳುಗಟ್ಟಲೆ ಏನೂ ಬರಲಿಲ್ಲ. ಆ ದಿನಗಳಲ್ಲಿ ಕಚೇರಿಯ ಎಲ್ಲ ಕಟ್ಟುಗಳನ್ನೂ ಕೆಳಗಿಳಿಸಿ, ಪ್ರತಿ ಪ್ರಕರಣದ ಜಾಲತಾಣದಲ್ಲಿ ಹುಡುಕಲು ಇರುವ, ಅಕ್ಷರ ಮತ್ತು ಅಂಕಿ ಸೇರಿ ಹದಿನಾರು ಸ್ಥಾನದ ಸಿಎನ್‌ಆರ್ ಸಂಖ್ಯೆಯನ್ನು ಕಟ್ಟಿನ ಮೇಲೆ ಬರೆದು, ಮೊಬೈಲಿಗೆ ಸೇರಿಸಿದೆ. ದಿನಾಂಕಕ್ಕೆ ಈಗ ನನ್ನ ಕ್ರಮ ಹೀಗಿದೆ. ಕೋರ್ಟ್ ದಿನಾಂಕ ಹೇಳಿದ ಕೂಡಲೇ ಅದನ್ನು ಗಟ್ಟಿಯಾಗಿ ತಿರುಗಿ ಹೇಳುತ್ತೇನೆ: "ಹದಿನೇಳು, ಒಂದು ಏಳು, ಬುಧವಾರ." ವಾರದ ಹೆಸರು ಸೇರಿಸಿದರೆ ತಪ್ಪು ಅಲ್ಲೇ ಸಿಕ್ಕಿಬೀಳುತ್ತದೆ. ಮಾರನೆಯ ದಿನ ಜಾಲತಾಣದಲ್ಲಿ ತಾಳೆ ನೋಡುತ್ತೇನೆ, ಆಮೇಲೆಯೇ ಕಕ್ಷಿದಾರರಿಗೆ ಸಂದೇಶ ಕಳಿಸುತ್ತೇನೆ. ಗುಮಾಸ್ತ ಅಣ್ಣನ ಡೈರಿ ಬೇರೆ, ನನ್ನದು ಬೇರೆ. ಶನಿವಾರ ಇಬ್ಬರೂ ಎದುರುಬದುರು ಕೂತು ಓದುತ್ತೇವೆ.

ಸ್ವಂತ ಕಚೇರಿ ಯಾವಾಗ ತೆರೆಯಬೇಕು ಎಂದೂ ಕಿರಿಯರು ಕೇಳುತ್ತಾರೆ. ನಾನು ತೆರೆದದ್ದು ಆರನೆಯ ವರ್ಷ. ಅದಕ್ಕೆ ಒಂದು ಲೆಕ್ಕ ಇಟ್ಟುಕೊಂಡಿದ್ದೆ. ಒಂದು ದಾವೆಯನ್ನು ವಾದಪತ್ರದಿಂದ ಡಿಕ್ರಿಯವರೆಗೆ ನಾನೇ ನಡೆಸಿರಬೇಕು, ಅದರಲ್ಲಿ ಕನಿಷ್ಠ ಒಬ್ಬ ಪ್ರತಿಕೂಲ ಸಾಕ್ಷಿಯ ಪಾಟಿ ಸವಾಲು ಮಾಡಿರಬೇಕು, ಒಂದು ಅಮಲ್ಜಾರಿಯನ್ನೂ ಮುಗಿಸಿರಬೇಕು. ಡಿಕ್ರಿ ಸಿಕ್ಕ ಮೇಲೆ ಅದನ್ನು ಜಾರಿ ಮಾಡಿಸುವ ಕಷ್ಟ ಗೊತ್ತಿಲ್ಲದವರು ದಾವೆ ಹಾಕುವಾಗಲೂ ಅರ್ಧ ಕಣ್ಣು ಮುಚ್ಚಿಯೇ ಹಾಕುತ್ತಾರೆ. ಹೆಣ್ಣುಮಕ್ಕಳಿಗೆ ಇನ್ನೊಂದು ಮಾತು. "ಸರ್ ಇಲ್ಲವೇ?" ಎಂದು ನನ್ನ ಮುಂದೆಯೇ ಕಕ್ಷಿದಾರರು ಕೇಳುವುದು ನಾಲ್ಕು ವರ್ಷ ನಿಲ್ಲಲಿಲ್ಲ. ಸಿಟ್ಟು ಬರುತ್ತಿತ್ತು. ನಿಂತದ್ದು ನಾನು ಅವರ ಕಟ್ಟಿನ ಹಾಳೆ ಸಂಖ್ಯೆ ಸಮೇತ ಉತ್ತರ ಹೇಳತೊಡಗಿದ ಮೇಲೆ.

2024ರ ಜುಲೈ 1ರಿಂದ ಹೊಸ ಕ್ರಿಮಿನಲ್ ಕಾನೂನುಗಳು ಜಾರಿಗೆ ಬಂದು ಕೊಲೆಯ 302 ಎಂಬುದು 103 ಆಯಿತು, ವಂಚನೆಯ 420 ಎಂಬುದು 318 ಆಯಿತು. ನಲವತ್ತು ವರ್ಷದವರೂ ನಾಲ್ಕು ತಿಂಗಳಿನವರೂ ಒಂದೇ ಪುಸ್ತಕ ತೆರೆದು ಕೂತಿದ್ದನ್ನು ನಮ್ಮ ವಕೀಲರ ಸಂಘದ ಕೊಠಡಿಯಲ್ಲಿ ನೋಡಿದೆ. ಹೊಸಬರಿಗೆ ಇಂಥ ಅವಕಾಶ ಬಹಳ ಕಾಲಕ್ಕೊಮ್ಮೆ ಸಿಗುತ್ತದೆ. ಅದನ್ನು ಬಿಡಬೇಡಿ.

ಆ ದಾವೆ 2023ರಲ್ಲಿ ತೀರ್ಮಾನವಾಯಿತು. ಕಿತ್ತ ಬಾಂದು ಕಲ್ಲುಗಳ ಜಾಗ ಗುರುತಿಸಲು ಸರ್ವೆಯರ್ ಅವರನ್ನು ಕೋರ್ಟ್ ಕಮಿಷನರ್ ಆಗಿ ನೇಮಿಸಬೇಕಾಯಿತು, ಅದಕ್ಕೇ ಒಂದು ವರ್ಷ ಹೋಯಿತು. ಆ ವರ್ಷ ನನ್ನ ತಪ್ಪಿನ ಲೆಕ್ಕಕ್ಕೆ ಸೇರಿದ್ದು. ಡಿಕ್ರಿಯ ದೃಢೀಕೃತ ನಕಲು ಬಂದ ದಿನ ಹಿರಿಯರು ಕಚೇರಿಗೆ ಬಂದರು, ಅದೇ ಪ್ಲಾಸ್ಟಿಕ್ ಚೀಲ ಹಿಡಿದು. ತೀರ್ಪು ಇಪ್ಪತ್ತೆರಡು ಪುಟ. ಅವರಿಗೆ ಅದು ಬೇಕಿರಲಿಲ್ಲ. "ನಮ್ಮ ಹೊಲದ ವಿಷಯ ಎಲ್ಲಿ ಬರೆದಿದ್ದಾರೆ ತಾಯಿ, ಅದನ್ನು ಓದಿ" ಎಂದರು. ಕೊನೆಯ ಪುಟದ ಷೆಡ್ಯೂಲು ತೆಗೆದು ಓದಿದೆ. ಪೂರ್ವಕ್ಕೆ ಬಂಡಿದಾರಿ. ಪಶ್ಚಿಮಕ್ಕೆ ಸರ್ಕಾರಿ ಖರಾಬು. ಉತ್ತರಕ್ಕೆ ಹಳ್ಳ. ಅವರು ಕಣ್ಣು ಮುಚ್ಚಿ ಕೇಳುತ್ತಿದ್ದರು, ಪ್ರತಿ ದಿಕ್ಕಿಗೂ ತಲೆ ಆಡಿಸುತ್ತಿದ್ದರು. ದಕ್ಷಿಣವನ್ನೂ ಓದಿ ಮುಗಿಸಿದೆ.

"ಇನ್ನೊಂದು ಸಲ ಓದಿ" ಎಂದರು.